ಬಿಳಿ ಕಾರ್ಪೆಟ್ಟಿಗೆ ಅರಿಶಿನದ ಕೈ

"ಕೇಳಿದ್ರಾ? ಸಾಹುಕಾರನ ಹೆಂಡ್ತಿ ಅಷ್ಟು ದೊಡ್ಡ ಹಾಲ್ ಬಿಟ್ಟು, ಹಬ್ಬದ ದಿನ ಪಕ್ಕದ್ಮನೆ ಜಗಲಿ ಮೇಲೆ ಕೂತು ಅರಿಶಿನ ಕುಂಕುಮ ಕೊಡ್ತಾವ್ಳಂತೆ!"

ನಗ್ಬೇಡಿ ತಾಯಂದಿರೇ. ಒಂದೂರಲ್ಲಿ ಹಿಂಗೆ ಸುದ್ದಿ ಹಬ್ಬಿತ್ತು. ದಿನಾ ಪ್ರವಚನ ಮಾಡಿ ನನ್ನ ಗಂಟ್ಲು ಕಟ್ಟಿದೆ, ಸ್ವಲ್ಪ ಹತ್ರ ಬನ್ನಿ, ಹೇಳ್ತೀನಿ.

ಆ ಊರಿನ ಸಾಹುಕಾರನಿಗೆ ಹಾಲ್ ಚೆಂದ ಮಾಡೋ ಹುಚ್ಚು ಹಿಡೀತು. ಎಲ್ಲಾ ಒಂದಕ್ಕೊಂದು ಹೊಂದ್ಬೇಕು. ಗೋಡೆ ಬಿಳಿ, ಪರದೆ ಬಿಳಿ, ಸೋಫಾ ಬಿಳಿ, ನೆಲದ ಕಾರ್ಪೆಟ್ಟೂ ಬಿಳಿ. ಹೆಂಡ್ತಿಯ ಪಟ್ಟೆಪಟ್ಟೆ ಜಮಖಾನ? ಹೊಂದಲ್ಲ, ಅಟ್ಟಕ್ಕೆ. ಅವ್ಳ ತವರಿನ ಮಣೆ? ಹೊಂದಲ್ಲ, ಅಟ್ಟಕ್ಕೆ. ಪಾಪ, ಅವ್ಳೇ ಎತ್ತಿಟ್ಲು. ಹಬ್ಬಕ್ಕೆ ಬೀದಿಯವ್ರೆಲ್ಲ ಬಂದು ಹೊಸ ಹಾಲಲ್ಲಿ ಕೂರ್ತಾರೆ ಅನ್ನೋ ಒಂದೇ ಆಸೆ.

ವರಮಹಾಲಕ್ಷ್ಮಿ ಶುಕ್ರವಾರ ಬಂತು. ಹೆಂಗಸ್ರೂ ಬಂದ್ರು. ಮನೆಮನೆ ಸುತ್ಕೊಂಡು ಬಂದವ್ರು ನೋಡಿ, ಕಾಲ್ತುಂಬ ಹಸಿ ಅರಿಶಿನ. ಬಾಗ್ಲಲ್ಲಿ ಆ ಬೆಳ್ಳನೆ ಕಾರ್ಪೆಟ್ ನೋಡಿದ್ರು, ನಿಂತೇಬಿಟ್ರು.

"ಒಳಗೆ ಬನ್ರಮ್ಮ."

"ಬೇಡ ಕಣೇ, ಇಲ್ಲೇ ಕೊಟ್ಬಿಡು."

ಹೊಸಿಲಾಚೆ ನಿಲ್ಸಿ ಕುಂಕುಮ ಕೊಡ್ತಾರೇನ್ರೀ? ಯಾರಾದ್ರೂ ಕೊಡ್ತಾರಾ? ಅವ್ಳು ಗಂಡನ ಮುಖ ನೋಡಿದ್ಲು. ಅವ್ನು ಕಾರ್ಪೆಟ್ ನೋಡ್ತಿದ್ದ. "ಅಲ್ಲೇ ಕೊಟ್ಟು ಕಳ್ಸೇ, ಏನಾಗುತ್ತೆ?" ಅಂದ.

ಅವ್ಳು ಅರಿಶಿನ ಕುಂಕುಮದ ತಟ್ಟೆ ಎತ್ಕೊಂಡ್ಲು, ಹೊಸಿಲು ದಾಟಿದ್ಲು, ಪಕ್ಕದ್ಮನೆ ಜಗಲಿ ಹತ್ತಿದ್ಲು. ಅಷ್ಟೇ.

ಸಾಹುಕಾರ ಸೋಫಾದ ತುದೀಲಿ ಕೂತ. ಎಲ್ಲಾ ಹೊಂದಿದೆ! ಒಂದು ನರಪಿಳ್ಳೆ ಇಲ್ಲ. ಆಚೆಯಿಂದ ನಗು ಕೇಳಿಸ್ತು, ಬಳೆ ಸದ್ದು ಕೇಳಿಸ್ತು, ಹೆಂಡ್ತಿ ನಗೋದೂ ಕೇಳಿಸ್ತು. ಆ ನಗು ಕೇಳಿ ಎಷ್ಟು ದಿನ ಆಗಿತ್ತೋ! ತಡ್ಯಕ್ಕಾಗ್ಲಿಲ್ಲ, ಎದ್ದು ಹೋದ. ಜಗಲೀಲಿ ಒಂದು ಹರಿದ ಚಾಪೆ, ಒಂದು ನೀಲಿ ಕುರ್ಚಿ, ಒಂದು ಗೋಣಿತಾಟು. ಯಾವ್ದಕ್ಕೆ ಯಾವ್ದು ಹೊಂದುತ್ತೆ?

ಆ ಮನೆ ಅಜ್ಜಿ ಅಂದ್ಲು, "ಬನ್ನಿ ಸಾಹುಕಾರ್ರೇ, ನಮ್ದು ಹಾಲ್ ಅಲ್ಲ, ಆದ್ರೆ ಕೂರಕ್ಕೆ ಜಾಗ ಇದೆ."

"ಮನೆಗೆ ಬಾರೇ," ಅಂದ ಹೆಂಡ್ತಿಗೆ.

"ಬರ್ತೀನಿ ಕಣ್ರೀ. ಎಲ್ಲಿ ಕೂರ್ಲಿ?"

ಸಾಹುಕಾರ ತಟ್ಟೇಲಿದ್ದ ಹಸಿ ಅರಿಶಿನಕ್ಕೆ ಅಂಗೈ ಅದ್ದಿ, ಹಂಗೇ ಮನೆಗೆ ಹೋಗಿ, ಬಾಗ್ಲ ಹತ್ರ ಕಾರ್ಪೆಟ್ ಮೇಲೆ ಒತ್ತಿದ. ಅರಿಶಿನದ ಕಲೆ ಹೋಗುತ್ತಾ? ಹೋಗಲ್ಲ. "ಮೊದ್ಲನೇ ಕಲೆ ನಂದೇ. ಇನ್ನು ಎಲ್ರೂ ಬನ್ರಮ್ಮ," ಅಂದ. ಹೆಂಡ್ತಿ ಅಟ್ಟದಿಂದ ಜಮಖಾನ ಇಳಿಸಕ್ಕೆ ಹೋದ್ಲು.

ನೋಡಿ, ನಂಗೂ ಹೇಳಿ ಹೇಳಿ ಸಾಕಾಗಿದೆ. ಬಣ್ಣಕ್ಕೆ ಬಣ್ಣ ಹೊಂದ್ಸೋದು ಕಲ್ತಿದ್ದೀರಿ, ತಪ್ಪಿಲ್ಲ. ಮನೆಯೋರನ್ನ ಹೊಂದ್ಸಿದ್ರಾ? ಮಗು ಬಿಸ್ಕತ್ತು ಉದುರಿಸಿದ್ರೆ ಬೈತೀರಿ. ಕೆಲ್ಸದವ್ಳನ್ನ ನೆಲದ ಮೇಲೂ ಕೂರಿಸಲ್ಲ. ಹಬ್ಬಕ್ಕೆ ಒಂದು ಕುರ್ಚಿ ತರೋ ಮುಂಚೆ ಕೇಳ್ಕೊಳ್ಳಿ, ಇದ್ರಲ್ಲಿ ಯಾರು ಹೆದರದೆ ಕೂರ್ತಾರೆ ಅಂತ. ಇವತ್ತೇ ಹೋಗಿ ಅಟ್ಟದ ಮೇಲೆ ಯಾರ ಸಾಮಾನು ಹಾಕಿದ್ದೀರಿ ನೋಡಿ. ಇಳಿಸಿ.

ಮುಂದೆ ಕೂತಿರೋ ತಿರುಮಲಮ್ಮನೋರೇ, ತಲೆ ತಗ್ಗಿಸ್ಬೇಡಿ. ನಿಮ್ಮ ಹೊಸ ಸೋಫಾದ ಪ್ಲಾಸ್ಟಿಕ್ ಕವರ್ ಇನ್ನೂ ತೆಗ್ದಿಲ್ವಂತೆ, ನಿಮ್ಮ ಸೊಸೆನೇ ಹೇಳಿದ್ಲು. ಕಿತ್ತು ಹಾಕಿ. ನಾಳೆ ಸಂಜೆ ಐದಕ್ಕೆ ಪ್ರವಚನ ಇಲ್ಲಿಲ್ಲ, ನಿಮ್ಮನೇಲೇ. ಎಲ್ರೂ ಬರ್ತೀವಿ, ಕಾಲಿಗೆ ಅರಿಶಿನ ಹಚ್ಕೊಂಡೇ.