ಕಾಯದ ಎಂಜಿನ್

ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಸಾಕು. ಇದು ಎಲ್ಲೋ ಯಾರಿಗೋ ಆದದ್ದಲ್ಲ, ನಮ್ಮ ದೊಡ್ಡಪ್ಪನ ಮನೆಯಲ್ಲೇ ಆದದ್ದು. ನಗೋರು ಈಗಲೇ ನಕ್ಕುಬಿಡಿ.

ದೊಡ್ಡಪ್ಪನ ಮಗಳು, ನಮಗೆಲ್ಲ ಅಕ್ಕ, ಹೊಲಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಒಬ್ಬಳೇ ನಡೆದು ಬರುತ್ತಿದ್ದಳು. ದಾರಿಯಲ್ಲೊಂದು ಹಾಳುಬಾವಿ. ಆ ರಾತ್ರಿ ಬಾವಿ ದಾಟಿದ್ದೇ ತಡ, ಹಿಂದೆ ಸದ್ದು. ಗುಡು... ಗುಡು... ಗುಡು... ಕಾರು ನಿಂತಲ್ಲೇ ಎಂಜಿನ್ ಓಡುವ ಸದ್ದು. ಲೈಟಿಲ್ಲ. ಆಮೇಲೆ ತೊಟ್... ತೊಟ್... ಅಂತ ಸೈಲೆನ್ಸರಿನಿಂದ ನೀರು ತೊಟ್ಟಿಕ್ಕಿದ್ದು. ಅಕ್ಕ ತಿರುಗಿ ನೋಡಲಿಲ್ಲ. ಆ ಸದ್ದು ಅವಳಿಗೆ ಹೊಸದಲ್ಲ.

ಭಾವ ಬದುಕಿದ್ದಾಗ ದಿನಾ ರಾತ್ರಿ ಕಾರು ತಂದು ಅದೇ ಬಾವಿ ಹತ್ತಿರ ನಿಲ್ಲಿಸುತ್ತಿದ್ದ. 'ನಿಲ್ಲಿಸುತ್ತಿದ್ದರು' ಅನ್ನೋಕೆ ನನಗೆ ಬಾಯಿ ಬರಲ್ಲ, ಕ್ಷಮಿಸಿ. ಗಂಡ ಅಂದ್ರೆ ಹೀಗಿರಬೇಕು ಅಂತ ನೆರೆಹೊರೆಯವರು ಹೊಗಳಿದ್ದೇ ಹೊಗಳಿದ್ದು. ಅವನು ಬರುತ್ತಿದ್ದುದು ಕರೆದುಕೊಂಡು ಹೋಗೋಕಲ್ಲ, ಅವಳು ಯಾರ ಜೊತೆ ಮಾತಾಡ್ತಾ ಬರ್ತಾಳೆ ಅಂತ ನೋಡೋಕೆ. ಅವಳು ಮುಂದೆ ನಡೆಯಬೇಕು, ಕಾರು ಹಿಂದೆ ತೆವಳಬೇಕು. ಒಂದು ರಾತ್ರಿ ಅಲ್ಲೇ ಸ್ಟೀರಿಂಗ್ ಮೇಲೆ ತಲೆ ಇಟ್ಟು ಸತ್ತ. ಎಂಜಿನ್ ಓಡುತ್ತಲೇ ಇತ್ತು.

ಅಂದಿನಿಂದ ಕಾರು ಮನೆ ಹಿಂದಿನ ಶೆಡ್ಡಿನಲ್ಲಿ. ಶೆಡ್ಡಿಗೆ ಬೀಗ. ಬೀಗದ ಕೈಯೂ ಕಾರಿನ ಕೀಯೂ ಅಕ್ಕನ ಹತ್ತಿರವೇ.

ಅಕ್ಕನ ತಮ್ಮ, ನನಗೆ ಅಣ್ಣ, ಮೆಕ್ಯಾನಿಕ್. ಹೊಗೆ ನೋಡಿಯೇ ಎಂಜಿನ್ನಿನ ಹಣೆಬರಹ ಹೇಳ್ತಾನೆ. ಕಪ್ಪಾದರೆ ಪೆಟ್ರೋಲು ಜಾಸ್ತಿ, ನೀಲಿಯಾದರೆ ಆಯಿಲ್ ಉರೀತಿದೆ, ಬಿಳಿಯಾದರೆ ನೀರು. ಅಕ್ಕ ಅವನನ್ನು ಕರೆಸಿ, "ಗಾಡಿ ಮಾರಿಬಿಡೋಣ ಕಣೋ, ಒಂದ್ಸಲ ನೋಡು" ಅಂದಳು. ಬಾವಿಯ ಸುದ್ದಿ ಎತ್ತಲಿಲ್ಲ.

ನಾನೂ ಜೊತೆಗೆ ಹೋಗಿದ್ದೆ. ವರ್ಷದಿಂದ ನಿಂತ ಗಾಡಿ, ಒಂದೇ ಏಟಿಗೆ ಸ್ಟಾರ್ಟ್ ಆಯಿತು. ದಪ್ಪ ಬಿಳಿ ಹೊಗೆ. ಆಯಿಲ್ ಮುಚ್ಚಳ ಬಿಚ್ಚಿದರೆ ತಳದಲ್ಲಿ ಹಾಲು ಬೆರೆಸಿದ ಕಾಫಿ ಬಣ್ಣದ ಲೋಳೆ.

"ಆಯಿಲಿಗೆ ನೀರು ಸೇರಿದೆ. ಎರಡನ್ನೂ ಬೇರೆ ಇಡೋ ಹೆಡ್ ಗ್ಯಾಸ್ಕೆಟ್ ಹೋಗಿರ್ಬೇಕು" ಅಂದ ಅಣ್ಣ.

"ಎಣ್ಣೆಗೆ ನೀರು ಬೆರೆಸ್ಕೊಂಡೇ ಅಲ್ವಾ ಎಲ್ರೂ ಕುಡಿಯೋದು?" ಅಂದೆ. ನಗುತ್ತಲೇ ಎಂಜಿನ್ನಿನ ತಲೆ ಬಿಚ್ಚಿದ. ಬಿಚ್ಚಿದ ಮೇಲೆ ನಗಲಿಲ್ಲ. ಗ್ಯಾಸ್ಕೆಟ್ ಸರಿಯಾಗೇ ಇತ್ತು. ಎಲ್ಲೂ ಬಿರುಕಿಲ್ಲ. ರೇಡಿಯೇಟರಿನ ನೀರು ಒಂದು ಲೋಟದಷ್ಟೂ ಕಮ್ಮಿಯಾಗಿರಲಿಲ್ಲ. ಹಾಗಾದರೆ ಆಯಿಲಿಗೆ ಸೇರಿದ ನೀರು ಎಲ್ಲಿಯದು?

ಅಣ್ಣ ಸ್ಪ್ಯಾನರ್ ಕೆಳಗಿಟ್ಟ.

"ಅಕ್ಕಾ, ಇದನ್ನ ಯಾರು ಓಡಿಸ್ತಿದ್ದಾರೆ?"

"ಯಾರೂ ಇಲ್ಲ."

"ದಿನಾ ಓಡ್ತಿದೆ ಇದು. ಸ್ವಲ್ಪವೇ ದೂರ. ಎಂಜಿನ್ ಕಾಯೋ ಮೊದಲೇ ವಾಪಸ್ ಬಂದು ನಿಲ್ತಿದೆ. ಅದಕ್ಕೇ ಒಳಗೇ ಬೆವತು, ಆ ನೀರು ಆಯಿಲಿಗೆ ಸೇರ್ತಿದೆ. ದೂರ ಓಡಿಸಿ ಚೆನ್ನಾಗಿ ಕಾಯಿಸಿದ್ರೆ ಎಲ್ಲ ಆವಿಯಾಗಿ ಹೋಗ್ತಿತ್ತು."

"ಸ್ವಲ್ಪ ದೂರ ಅಂದ್ರೆ... ಬಾವಿ ತನಕ?" ಅಕ್ಕ ಪಿಸುಗುಟ್ಟಿದಳು. ಆಮೇಲೆ ಎಲ್ಲ ಹೇಳಿದಳು. ಕೊನೆಗೆ, "ಎಂಜಿನ್ ಕಾಯಲ್ಲ ಅಂದ್ಯಲ್ಲ, ಕಾಯುತ್ತೆ ಕಣೋ... ನನ್ನನ್ನೇ ಕಾಯುತ್ತೆ" ಅಂದಳು.

ಅಣ್ಣ ಆಯಿಲ್ ಬದಲಿಸದೆಯೇ ಎಂಜಿನ್ ಮತ್ತೆ ಜೋಡಿಸಿ, ಬ್ಯಾಟರಿ ಬಿಚ್ಚಿ ತನ್ನ ಗ್ಯಾರೇಜಿಗೆ ಒಯ್ದ. ಆ ರಾತ್ರಿಯೂ ಬಾವಿ ಹತ್ತಿರ ಅದೇ ಸದ್ದು. ಗುಡು... ಗುಡು...

ಅಕ್ಕ ದೂರದ ಊರಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. "ಬೆನ್ನ ಹಿಂದೆ ಯಾರೂ ಇಲ್ಲದೆ ಒಂದ್ಸಲ ರಸ್ತೇಲಿ ನಡೀಬೇಕು ಕಣ್ರೋ, ಅಷ್ಟೇ ನನ್ನಾಸೆ" ಅಂತ ಬಸ್ಸು ಹತ್ತಿದಳು. ನನಗೆ ಅಳು ಬಂತು. ಕತ್ತಲಾಗುವ ಹೊತ್ತಿಗೆ ತಲುಪಿದೆ ಅಂತ ಫೋನ್ ಮಾಡಿದಳು.

ಮರುದಿನ ಬೆಳಿಗ್ಗೆ ಗುಜರಿಯವನು ಕಾರು ಒಯ್ಯಲು ಬರುವವನಿದ್ದ. ನಾನೂ ಅಣ್ಣನೂ ಹೋಗಿ, ಅಕ್ಕ ಕೊಟ್ಟುಹೋಗಿದ್ದ ಬೀಗದ ಕೈಯಿಂದ ಶೆಡ್ಡಿನ ಬೀಗ ತೆಗೆದೆವು. ಒಳಗೆ... ಟಿಕ್... ಟಿಕ್... ಟಿಕ್...

"ಗಡಿಯಾರಾನಾ?" ಅಂದೆ.

"ಅಲ್ಲ. ಕಾದ ಸೈಲೆನ್ಸರ್ ಆರೋ ಸದ್ದು."

ಬ್ಯಾಟರಿಯ ಜಾಗ ಖಾಲಿಯೇ ಇತ್ತು. ಅಣ್ಣ ಕೈಗೆ ಬಟ್ಟೆ ಸುತ್ತಿಕೊಂಡು ಆಯಿಲ್ ಮುಚ್ಚಳ ಬಿಚ್ಚಿದ. ಲೋಳೆಯ ಗುರುತೇ ಇಲ್ಲ. ಒಂದು ಹನಿ ನೀರಿಲ್ಲ. ತಕ್ಷಣ ಅಕ್ಕನಿಗೆ ಫೋನ್ ಹಚ್ಚಿದ.

"ನಿದ್ದೆ ಬಂತಾ ಅಕ್ಕಾ?"

"ಎಲ್ಲಿ ಬಂತು? ಯಾರೋ ಪುಣ್ಯಾತ್ಮ ರಾತ್ರಿಯೆಲ್ಲ ಕಿಟಕಿ ಕೆಳಗೆ ಗಾಡಿ ಆಫ್ ಮಾಡದೆ ನಿಂತಿದ್ದ. ನಾನು ಎದ್ದು ನೋಡ್ಲಿಲ್ಲ. ಇಲ್ಲಿ ನನ್ನನ್ನ ಕಾಯೋರು ಯಾರಿದ್ದಾರೆ... ಅಲ್ವೇನೋ?"

ಅಣ್ಣ ಕಾರಿನ ಕಡೆ ನೋಡಿದ. "ಯಾರೂ ಇಲ್ಲಕ್ಕ" ಅಂದ.

ಕಟ್ಟುಕತೆ ಅನ್ನೋರು ಅನ್ನಲಿ. ಆ ಬಾನೆಟ್ ಮೇಲೆ ಕೈಯಿಟ್ಟು ನೋಡಿದವನು ನಾನು. ಎಂಜಿನ್ ಚೆನ್ನಾಗಿ ಕಾದಿತ್ತು.