ಒಂಬತ್ತನೇ ಕ್ಲಾಸಿನ ಕತೆ

ಸಾನಪಾಡಾದ ಬಸ್ ಕ್ಯೂನಲ್ಲಿ ನನ್ನ ಮುಂದೆ ಒಬ್ಬ ತಾಯಿ ಮತ್ತು ಯೂನಿಫಾರ್ಮಿನಲ್ಲಿದ್ದ ಮಗಳು ನಿಂತಿದ್ದರು. ಶಾಲೆಯ ಪೇರೆಂಟ್ಸ್ ಮೀಟಿಂಗಿನಿಂದ ಬಂದವರು. ತಾಯಿಯ ದನಿ ಸಣ್ಣದಲ್ಲ.

“ಕೆಲಸ ಬಿಟ್ಟ ಹೆಂಗಸು ದಿನಾ ಬೆಳಿಗ್ಗೆ ಲೋಕಲ್ ಟ್ರೇನ್ ಹೋಗುವಾಗ ಕಿಟಕಿ ಹತ್ರ ನಿಲ್ತಾಳೆ ಅಂತ ಕತೆಯಲ್ಲಿ ಬರ್ದಿದ್ದಿ. ಅದು ನಾನೇ ಅಂತ ಮಿಸ್‌ಗೆ ಗೊತ್ತಾಗುದಿಲ್ವಾ?”

“ಹೆಸರು ಬದಲಾಯಿಸಿದ್ದೇನೆ.”

“ಕಿಟಕಿ ಬದಲಾಯಿಸಿದ್ದಿಯಾ?”

“ಪಾತ್ರಕ್ಕೆ ಒಂದು ಆಸೆ ಇರ್ಬೇಕು, ಆಸೆಗೆ ಒಂದು ಅಡ್ಡಿ ಇರ್ಬೇಕು. ಇಲ್ಲದಿದ್ರೆ ಕತೆಯೇ ಅಲ್ಲ ಅಂತ ಮಿಸ್ ಹೇಳಿದ್ದು.”

“ಅಡ್ಡಿ ಅಂತ ಪಪ್ಪನನ್ನು ಹಾಕಿದ್ದಾ?”

“ನೀನು ಪೂರ್ತಿ ಓದ್ಲೇ ಇಲ್ಲ. ಪಪ್ಪ ಕತೆಯಲ್ಲೇ ಇಲ್ಲ. ಅವಳಿಗೆ ಮಗು ಹುಟ್ತದೆ, ಕೆಲಸ ಬಿಡ್ಬೇಕಾಗ್ತದೆ. ಅಡ್ಡಿ ನಾನು.”

ತಾಯಿ ರಸ್ತೆಯನ್ನೇ ನೋಡಿದಳು.

“ಬಸ್ ಬಂತು, ಹತ್ತು.”

ಹತ್ತಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.