ಮುಳ್ಳುಗೂದಲಿನ ಇಲಿ

ಪುಣೆಗೆ ಪ್ಲೇಗು ಮತ್ತೆ ಬಂದ ವರ್ಷ, ಮನೆಯಲ್ಲಿ ಇಲಿ ಸತ್ತರೆ ಅದನ್ನು ಕಚೇರಿಗೆ ತಂದು ತೋರಿಸಿ ಮನೆಯವರೆಲ್ಲ ಊರ ಹೊರಗಿನ ತಗಡಿನ ಶೆಡ್ಡಿಗೆ ಹೋಗಬೇಕಿತ್ತು. ಪ್ಲೇಗು ಕಚೇರಿಯ ಸರದಿಯಲ್ಲಿ ಹಮಾಲ ಮಾರ್ತಾಂಡನ ಮುಂದೆ ರುದ್ರವ್ವ ನಿಂತಿದ್ದಳು, ಮುತ್ತುಗದ ಎಲೆಯಲ್ಲಿ ಸತ್ತ ಇಲಿ ಹಿಡಿದು. ಮೇಜಿನ ಆಚೆ ಗುಮಾಸ್ತ ಅಪ್ಪಾಸಾಹೇಬ. ಅವನೂ ರುದ್ರವ್ವನಂತೆ ಧಾರವಾಡದ ಕಡೆಯವನೇ.

“ಎಲ್ಲಿ ಸಿಕ್ತು?”

“ಹೊಸ್ತಿಲ ಮ್ಯಾಲ್ರಿ. ಬೆಕ್ಕು ಹೊಲದಿಂದ ತಂದು ಒಗದದ. ಇದು ಮನಿ ಇಲಿ ಅಲ್ರಿ, ಕಲ್ಲಿಲಿ.”

“ಇಲಿ ಅಂದ್ರ ಇಲಿ.”

“ಮನಿ ಇಲಿ ಎಲ್ಲಾ ಊರಾಗೂ ಅದಾವ್ರಿ, ಮೈ ಮೆತ್ತಗ. ಇದು ನಮ್ಮ ಕಡೀನೂ ಇಲ್ಲೂ ಹೊಲದಾಗಷ್ಟ ಇರ್ತದ. ಬಿಲದ ಬಾಯಿಗೆ ಸಣ್ಣ ಕಲ್ಲಿನ ಹಳ್ಳು ಒಟ್ತದ. ಕೂದಲ ಮುಳ್ಳಿನ್ಹಂಗ.”

“ಇಲಿ ಪುರಾಣ ಸಾಕು, ಮುದುಕಿ.”

“ನಿಮ್ಮ ಟಾಕಿನ ತುದಿಲೆ ಉಲ್ಟಾ ಸವರಿ ನೋಡ್ರಿ ಸಾಹೇಬ್ರ. ಮಗಳು ಹಡದು ಮೂರ ದಿನ ಆಗ್ಯದ. ಕೂಸಿನ್ನ ಆ ತಗಡಿನಾಗ ಹೆಂಗ ಇಡ್ಲಿ?”

“ಹೆಣಕ್ಕ ತಾಗಿಸಿದ ಟಾಕಿನಿಂದ ನಾ ಬರೀಲೇನು? ಮೈಲಿಗಿ. ದೂರ ನಿಲ್ಲು.”

ಅದೇ ಟಾಕನ್ನು ಮಸಿಯಲ್ಲಿ ಅದ್ದಿ ಅಪ್ಪಾಸಾಹೇಬ ದುಂಡಗೆ ಬರೆದ: ಮನೆ ಇಲಿ. ಇವತ್ತೇ ಶೆಡ್ಡಿಗೆ.

“ನೋಡದ ಬರದ್ರೇನ್ರಿ?”

“ನಾಲ್ಕು ಬುಕ್ಕು ಓದೀನಿ.”

“ಹಂಗಾರ ಇದನ್ನೂ ಓದ್ರಿ.”

ಎಲೆಯನ್ನು ಅವನ ಕಾಗದಗಳ ಮೇಲೆಯೇ ಇಟ್ಟು ರುದ್ರವ್ವ ಬಾಣಂತಿಯ ಕಂಬಳಿ ಕಟ್ಟಲು ಹೊರಟಳು. ಅಪ್ಪಾಸಾಹೇಬ ಜನಿವಾರ ಹಿಡಿದುಕೊಂಡು ನಳದ ಕಡೆ ಓಡಿದ.

ಮಾರ್ತಾಂಡ ಮುಂದೆ ಬಂದು, ಇಲಿಯ ಬೆನ್ನನ್ನು ಬೆರಳಿಂದ ಉಲ್ಟಾ ಸವರಿದ. ಚುಚ್ಚಿತು.